ಗಂಗೆಯ ಆಚೆ ದಡದಿಂದ: ಮೂಕಿಗೆ ಬಾರದ ಕುದುರೆ

ಕುದುರೆಯ ವಿಷಯ ಬರೆಯುವುದಕ್ಕೆ ಸರ್ಕಾರಿ ಕಚೇರಿಯ ಗುಮಾಸ್ತರಾದ ನಮಗೆ ಅಧಿಕಾರವೇನೆಂದು ಓದುಗರು ಕೇಳಬಹುದು. ಕೇಳತಕ್ಕದ್ದೇ. ನಾವು ಹತ್ತಿದ್ದು ಬಸ್ಸು, ತುಳಿದದ್ದು ಸೈಕಲ್ಲು, ಓಡಿಸಿದ್ದು ಕಡತ. ಆದರೆ ರಾಮನಗರದ ನಮ್ಮ ಬಾಡಿಗೆ ಮನೆಯ ಹಿತ್ತಲ ಗೋಡೆಗೆ ಅಂಟಿಕೊಂಡಂತೆ ಒಂದು ಲಾಯವಿದೆ. ಅಲ್ಲಿಯ ಸಮಾಚಾರವೆಲ್ಲ ನಮ್ಮ ಅಡಿಗೆಮನೆಯ ಕಿಟಕಿಯ ಮೂಲಕ ಒಳಗೆ ಬರುತ್ತದೆ. ನಾವು ಬೇಡವೆಂದರೂ ಬರುತ್ತದೆ. ಹೋದ ಕಾರ್ತಿಕದಿಂದ ಈ ಆಶ್ವೀಜದವರೆಗೆ ಒಂದು ಮರಿಕುದುರೆಯ ವಿದ್ಯಾಭ್ಯಾಸವನ್ನು ಹೀಗೆ ಕಿಟಕಿಯಿಂದಲೂ, ಬೆಳಗಿನ ವಾಯುಸೇವನೆಯ ನೆವದಲ್ಲಿ ಹೊಳೆಯ ಮರಳಿನ ಮೇಲಿಂದಲೂ ನೋಡಿದವರು ನಾವು.

ರಾಮನಗರವೆಂದರೆ ನಮ್ಮ ಕಡೆಯ ರೇಷ್ಮೆಗೂಡಿನ ರಾಮನಗರವಲ್ಲ. ಇದು ಕಾಶಿಗೆ ಇದಿರಾಗಿ, ಗಂಗೆಯ ಪೂರ್ವದ ದಡದಲ್ಲಿರುವ ಊರು. ಹದಿನೆಂಟನೆಯ ಶತಮಾನದ ನಡುವಿನಲ್ಲಿ ರಾಜಾ ಬಲವಂತಸಿಂಹರು ಚುನಾರದ ಕಲ್ಲಿನಲ್ಲಿ ಕಟ್ಟಿಸಿದ ಕೋಟೆ ಇಲ್ಲಿದೆ. ಅದರೊಳಗಿನ ವಸ್ತುಸಂಗ್ರಹಾಲಯದಲ್ಲಿ ಹಳೆಯ ಸಾರೋಟುಗಳೂ ಪಲ್ಲಕ್ಕಿಗಳೂ ಧೂಳು ಹೊದ್ದು ನಿಂತಿವೆ. ಹನುಮಾನ ಘಾಟಿನಲ್ಲಿಯೋ ಜಂಗಮವಾಡಿಯಲ್ಲಿಯೋ ಇರುವ ಕನ್ನಡದವರು, ‘ಅಷ್ಟು ದೂರ ಏಕೆ ಹೋದಿರಿ?’ ಎನ್ನುತ್ತಾರೆ. ಬಾಡಿಗೆ ಕಡಿಮೆ, ಗಾಳಿ ಹೆಚ್ಚು, ಇಲ್ಲಿಯ ದಪ್ಪ ಬದನೆಕಾಯಿ ಎಣ್ಣೆಗಾಯಿಗೆ ಒಗ್ಗದಿದ್ದರೂ ಬಜ್ಜಿಗೆ ಬಹಳ ಚೆನ್ನ. ಇನ್ನೇನು ಬೇಕು?

ಎರಡು ರಾಮನಗರಗಳಿಗೂ ಒಂದು ನಂಟು ಮಾತ್ರ ಉಂಟು. 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರವನ್ನು ತೆಗೆದದ್ದು ನಮ್ಮ ರಾಮನಗರದ ಬಂಡೆಗಳ ನಡುವೆ. ಅದರಲ್ಲಿ ಬಸಂತಿಯ ಟಾಂಗಾ ಎಳೆಯುವ ಕುದುರೆಯ ಹೆಸರು ಧನ್ನೋ. ನೆರೆಮನೆಗೆ ಮರಿಕುದುರೆ ಬಂದ ದಿನವೇ ಓಣಿಯ ಮಕ್ಕಳೆಲ್ಲ ಸೇರಿ ಅದಕ್ಕೆ ಧನ್ನೋ ಎಂದು ನಾಮಕರಣ ಮಾಡಿದರು. ಮರಿ ಗಂಡು. ಹಾಗೆಂದು ಲಾಯದ ಮುದುಕರು ತಿಳಿಯಹೇಳಿದರೂ ಮಕ್ಕಳು ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಮುದುಕರನ್ನು ನಾವು ಚಾಚಾ ಎನ್ನುತ್ತೇವೆ. ಅವರು ನಮ್ಮನ್ನು ಬಾಬೂಜಿ ಎನ್ನುತ್ತಾರೆ. ಮೂರು ತಲೆಯಿಂದ ಎಕ್ಕಾ ಓಡಿಸಿದ ಮನೆತನ. ಎಕ್ಕಾ ಎಂದರೆ ಎರಡು ಗಾಲಿಯ, ಒಂಟಿ ಕುದುರೆಯ, ಎತ್ತರದ ಪೀಠದ ಬಂಡಿ. ನಮ್ಮ ಜಟಕಾದ ದಾಯಾದಿ, ಮೈಸೂರಿನ ಶಹಾಪಸಂದ್ ಟಾಂಗಾಕ್ಕಿಂತ ಬಡವ. ಸಾಮ್ನೆ ಘಾಟಿನಿಂದ ಇಲ್ಲಿಗೆ 2017ರಲ್ಲಿ ಪಕ್ಕಾ ಸೇತುವೆ ಆಯಿತು. ಅದಕ್ಕೆ ಮೊದಲು ಮಳೆಗಾಲದಲ್ಲಿ ಬಿಚ್ಚಿ ಚಳಿಗಾಲದಲ್ಲಿ ಕಟ್ಟುವ ಪೀಪಾಯಿ ಸೇತುವೆ ಇತ್ತು. ಈಗ ಬ್ಯಾಟರಿ ರಿಕ್ಷಾಗಳು ಇರುವೆಸಾಲಿನಂತೆ ಹರಿಯುತ್ತವೆ. ಚಾಚಾ ಅವರ ಹಿರಿಯ ಮೊಮ್ಮಗನೂ ಒಂದನ್ನು ಓಡಿಸುತ್ತಾನೆ. ಕಿರಿಯವನಿಗೆ ಹತ್ತೊಂಬತ್ತು ವರ್ಷ. ಅವನಿಗೆ ಕುದುರೆಯ ಹುಚ್ಚು. ಬಲ್ಲಿಯಾ ಜಿಲ್ಲೆಯ ದದರಿ ಜಾತ್ರೆಗೆ ಹೋಗಿ, ಕೂಡಿಟ್ಟ ಹಣದ ಜೊತೆಗೆ ಸಾಲದ ಹಣವನ್ನೂ ಸೇರಿಸಿ, ಎರಡು ವರ್ಷದ ಈ ಮರಿಯನ್ನು ಹಿಡಿದು ತಂದ.

ಏತಕ್ಕೆಂದರೆ, ಗಹರೇಬಾಜಿಗೆ. ಕಾಶಿ ಪ್ರಯಾಗಗಳ ಕಡೆಯ ಹಳೆಯ ಷೋಕಿ ಇದು: ಶ್ರಾವಣದಲ್ಲಿ ಎಕ್ಕಾಗಳನ್ನು ಸಿಂಗರಿಸಿ, ಗೆಜ್ಜೆ ಕಟ್ಟಿ, ಬೀದಿಯಲ್ಲಿ ಓಡಿಸಿ ತೋರಿಸುವುದು. ಓಟವೆಂದರೆ ನಾಗಾಲೋಟವಲ್ಲ. ಅಲ್ಲಿ ನೋಡುವುದು ಕುದುರೆಯ ‘ಚಾಲ್’. ಬಂಡಿ ಕುಲುಕದಂತೆ, ಹೆಜ್ಜೆ ಮುರಿಯದಂತೆ, ವೇಗವಾಗಿ ಒಂದೇ ನಡೆಯಲ್ಲಿ ಹೋಗಬೇಕು. ಕುದುರೆ ಒಮ್ಮೆ ನೆಗೆದು ನಾಲ್ಕು ಕಾಲಿನ ಓಟಕ್ಕೆ ಬಿತ್ತೆಂದರೆ ಮಾನ ಹೋಯಿತು. ಇದು ನಮ್ಮ ಊರಿನವರದೇ ಹುಚ್ಚು ಎಂದು ತಿಳಿಯಬೇಡಿ. ಅಮೆರಿಕದಲ್ಲಿ 34 ಅಂಗುಲಕ್ಕೆ ಮೀರದ ಗಿಡ್ಡ ಕುದುರೆಗಳನ್ನೇ ಸಾಕಿ, ಗೊಂಬೆಯಂಥ ಗಾಡಿಗೆ ಹೂಡಿ, ಪ್ರದರ್ಶನಗಳಲ್ಲಿ ನಡೆಯನ್ನು ತೂಗಿ ಬಹುಮಾನ ಕೊಡುತ್ತಾರೆ. ದೊಡ್ಡವರು ಅವುಗಳ ಮೇಲೆ ಕೂರುವಂತಿಲ್ಲ. ಆದುದರಿಂದ ಗಾಡಿಯೇ ಅವುಗಳ ವಿದ್ಯೆ. ಇಂಗ್ಲೆಂಡಿನ ರಾಣಿಯ ಪತಿ ಫಿಲಿಪ್ ಅವರು ಪೋಲೋ ಬಿಟ್ಟ ಮೇಲೆ ಗಾಡಿ ಓಡಿಸುವ ಸ್ಪರ್ಧೆಗಿಳಿದವರು. 2021ರ ಏಪ್ರಿಲಿನಲ್ಲಿ ಅವರ ಶವಸಂಸ್ಕಾರದ ದಿನ ಅವರ ಎರಡು ಪುಟ್ಟ ಕುದುರೆಗಳು ಗಾಡಿ ಸಹಿತ ಬಂದು ನಿಂತಿದ್ದವು. ನಮ್ಮ ಧನ್ನೋ ಅಷ್ಟು ಗಿಡ್ಡನಲ್ಲ. ಭುಜದ ಹತ್ತಿರ 44 ಅಂಗುಲ. ನಮ್ಮ ಐದನೆಯ ತರಗತಿಯ ಮಗಳ ಗದ್ದಕ್ಕೆ ಬರುತ್ತಾನೆ.

ಮೊದಲ ಎರಡು ತಿಂಗಳು ಎಲ್ಲವೂ ಹೂವೆತ್ತಿದಂತೆ ನಡೆಯಿತು. ಹುಡುಗ ಸೂರ್ಯೋದಯಕ್ಕೆ ಮೊದಲೇ ಮರಿಯನ್ನು ಕೋಟೆಯ ಆಚೆಯ ಮರಳಿಗೆ ಕರೆದೊಯ್ದು, ಎರಡು ಉದ್ದನೆಯ ಹಗ್ಗಗಳನ್ನು ಬಾಯಿಯಿಂದ ಹಿಂದಕ್ಕೆ ತಂದು, ತಾನು ಹಿಂದೆ ನಡೆಯುತ್ತ ನಡೆಸುತ್ತಿದ್ದ. ಬಂಡಿಯ ಕುದುರೆಗೆ ಇದೇ ಅಕ್ಷರಾಭ್ಯಾಸ. ಸವಾರಿಯ ಕುದುರೆಗೆ ಯಜಮಾನನ ತೊಡೆಯ ಒತ್ತಡ ತಿಳಿಯುತ್ತದೆ. ಬಂಡಿಯ ಕುದುರೆಗೆ ಅವನು ಎಲ್ಲೋ ಹಿಂದೆ. ಅದಕ್ಕಿರುವುದು ದನಿ ಮತ್ತು ಲಗಾಮು, ಇವೆರಡೇ. ಧನ್ನೋ ‘ಚಲ್’ ಎಂದರೆ ಹೊರಟು ‘ಹೋ’ ಎಂದರೆ ನಿಲ್ಲುವಷ್ಟಾದ. ಪುಷ್ಯಮಾಸದ ಕೊನೆಗೆ ಒಂದು ಮರದ ದಿಮ್ಮಿಯನ್ನೂ ಎಳೆದ. ಹುಡುಗ ಹಿಗ್ಗಿ ನಮ್ಮ ಮನೆಗೆ ಲಸ್ಸಿ ತಂದುಕೊಟ್ಟ.

ಮಾಘದಲ್ಲಿ ಮೂಕಿಗೆ ಹೂಡುವ ಮೊದಲು ಎರಡು ಬಿದಿರು ಗಳುಗಳನ್ನು ಎರಡು ಪಕ್ಕಕ್ಕೆ ಕಟ್ಟಿ ನಡೆಸಿದರು. ಒಂದು ತಿರುವಿನಲ್ಲಿ ಎಡದ ಗಳುವಿನ ಹಿಂಬದಿ ಮರಳಿನಲ್ಲಿ ಹೂತು, ಚಿಮ್ಮಿ, ಹಿಂಗಾಲಿಗೆ ಬಡಿಯಿತು. ಗಾಯವೇನೂ ಇಲ್ಲ. ಆದರೆ ಮಾರನೆಯ ದಿನದಿಂದ ಗಳುವನ್ನು ಕಂಡರೆ ಸಾಕು, ಧನ್ನೋ ನಾಲ್ಕು ಕಾಲನ್ನೂ ನೆಲಕ್ಕೆ ಮೊಳೆ ಹೊಡೆದಂತೆ ನಿಲ್ಲತೊಡಗಿದ. ಹಗ್ಗ ಕಂಡರೂ ಅಷ್ಟೆ. ಕುದುರೆಗೆ ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಸುತ್ತಲೂ ಕಾಣುತ್ತದೆ, ಆದರೆ ಬಾಲದ ನೇರ ಹಿಂದೆ ಕುರುಡು. ಪೆಟ್ಟು ಬಂದದ್ದು ಆ ಕುರುಡಿನ ಜಾಗದಿಂದ. ಹಿಂದಿನಿಂದ ಎರಗುವುದು ಹುಲಿ ಎಂದು ಅದರ ಜಾತಿಗೆ ಸಾವಿರಾರು ವರ್ಷಗಳಿಂದ ತಿಳಿದಿದೆ. ಬಿದಿರು ಎಂದು ಯಾರು ಹೇಳಬೇಕು?

ಹುಡುಗ ಚಾಟಿಗೆ ಕೈಹಾಕಿದ. ಚಾಚಾ ಎದ್ದು ಬಂದು ಚಾಟಿಯನ್ನು ಕಸಿದು ನಮ್ಮ ಗೋಡೆಯ ಮೇಲಿಟ್ಟರು. ‘ಮಗ್ಗಿ ತಪ್ಪಿದ ಹುಡುಗನಿಗೆ ಮತ್ತೆ ಒಂದರಿಂದ ಹೇಳಿಸುತ್ತಾರೋ, ಇಲ್ಲ ಹತ್ತೊಂಬತ್ತರ ಮಗ್ಗಿಗೇ ಹೊಡೆಯುತ್ತಾರೋ?’ ಎಂದರು. ಆ ಚಾಟಿ ನಮ್ಮ ಗೋಡೆಯ ಮೇಲೆ ಹೋಳಿಯವರೆಗೆ ಬಿದ್ದಿತ್ತು. ಹುಡುಗ ಮತ್ತೆ ಬರಿಯ ಹಗ್ಗಕ್ಕೆ ಹೋದ. ಅಲ್ಲಿಂದ ಗಳುವನ್ನು ದೂರದಲ್ಲಿ ಬೇರೊಬ್ಬ ಹಿಡಿದು ನಡೆಯುವುದಕ್ಕೆ. ಅಲ್ಲಿಂದ ಗಳುವಿನ ಪಕ್ಕದಲ್ಲಿ ದಾಣಿ ತಿನ್ನಿಸುವುದಕ್ಕೆ. ಕಳೆದುಕೊಂಡದ್ದು ಒಂದು ನಿಮಿಷದಲ್ಲಿ, ಪಡೆದದ್ದು ಐದು ವಾರದಲ್ಲಿ.

ಈ ಐದು ವಾರದಲ್ಲಿ ನಮ್ಮ ಮನೆಯವರು ಊರಿನಿಂದ ತಂದ ಹುರುಳಿಯನ್ನು ಬೇಯಿಸಿ ಒಂದು ಬಟ್ಟಲು ಕಳಿಸಿದ್ದುಂಟು. ನಮ್ಮ ಕಡೆಯ ಜಟಕಾ ಕುದುರೆಗಳು ಬದುಕಿದ್ದೇ ಹುರುಳಿಯ ಮೇಲಲ್ಲವೆ? ಧನ್ನೋ ಮೂಸಿ, ತುಟಿ ಮೇಲೆತ್ತಿ, ಕಡಲೆಯ ಕಡೆಗೆ ತಿರುಗಿದ. ಉತ್ತರದೇಶದವನು. ಕಟ್ಟು ಸಾರಿಗಾಯಿತು, ನಮಗೇನೂ ನಷ್ಟವಿಲ್ಲ.

ಚೈತ್ರದಲ್ಲಿ ಬಂದ ತೊಂದರೆಯೇ ದೊಡ್ಡದು. ಮೂಕಿಯ ಭಯ ಹೋಗಿ, ಬರಿಯ ಬಂಡಿಯನ್ನು ನೂರು ಮಾರು ಎಳೆದವನು ಇದ್ದಕ್ಕಿದ್ದಂತೆ ತಲೆ ಕೊಡವಲು ಆರಂಭಿಸಿದ. ಲಗಾಮು ಎಡಕ್ಕೆ ಎಳೆದರೆ ಕತ್ತು ಆಕಾಶಕ್ಕೆ. ಬಾಯಲ್ಲಿ ನೊರೆ. ಒಂದು ದಿನ ಹಿಂದಕ್ಕೇ ನಡೆದು ಬಂಡಿಯನ್ನು ಒಂದು ಚಹದ ಅಂಗಡಿಯ ಬೆಂಚಿಗೆ ತಾಗಿಸಿದ. ನೋಡಿದವರೆಲ್ಲ ಪಂಡಿತರೇ. ಕಡಿವಾಣ ಬಿಗಿ ಮಾಡು ಎಂದರು ಕೆಲವರು, ಮುಳ್ಳಿನ ಕಡಿವಾಣ ಹಾಕು ಎಂದರು ಕೆಲವರು. ಹಿರಿಯ ಮೊಮ್ಮಗ ತನ್ನ ರಿಕ್ಷಾವನ್ನು ತಟ್ಟಿ, ‘ಇದಕ್ಕೆ ಕೋಪ ಬಾರದು’ ಎಂದ. ಅದೇ ವಾರ ಗೂಡಿನ ದಲ್ಲಾಳಿಯೂ ಮೊದಲ ಸಲ ಬಂದು ಮರಿಯನ್ನು ಸುತ್ತು ಹಾಕಿ ನೋಡಿದ.

ಗೂಡು ಎಂದರೆ ಇಟ್ಟಿಗೆ ಗೂಡು. ಈ ಸೀಮೆಯಲ್ಲಿ ಇಟ್ಟಿಗೆ ಸಾಗಿಸುವ ಕೆಲಸಕ್ಕೆ ಇನ್ನೂ ತಟ್ಟುಗಳೂ ಹೇಸರಗತ್ತೆಗಳೂ ಬೇಕು. ಮಳೆಗಾಲ ಮುಗಿದು ಗೂಡಿನ ಕೆಲಸ ಮೊದಲಾದರೆ ಬೇಸಿಗೆಯ ಕೊನೆಯವರೆಗೂ ಕೆಲಸ. ಎಳೆಯುವ ಪ್ರಾಣಿಗಳ ವಿಷಯವಾಗಿ 1965ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮಾವಳಿಯೊಂದಿದೆ: ದಿನಕ್ಕೆ ಒಂಬತ್ತು ಗಂಟೆಗೆ ಮೀರಿ ದುಡಿಸಕೂಡದು, ತಾಪ 37 ಡಿಗ್ರಿ ದಾಟುವ ಕಡೆಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೂಡಕೂಡದು. ನಿಯಮ ಚೆನ್ನಾಗಿದೆ. ನಾವೇ ಹಿಂದಿಯಲ್ಲಿ ಬಾಯಿಪಾಠ ಒಪ್ಪಿಸಿದೆವು. ದಲ್ಲಾಳಿ ಕೈಮುಗಿದು ಕೇಳಿ, ಆಮೇಲೆ ಬೆಲೆ ಹೇಳಿದ. ಬೆಲೆ ಕಡಿಮೆಯದಲ್ಲ. ಹುಡುಗನ ತಾಯಿ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಮಗಳ ಮದುವೆ ಮಾರ್ಗಶಿರಕ್ಕೆ ನಿಶ್ಚಯವಾಗಿತ್ತು. ಕುದುರೆಯ ಸಾಲದ ಬಡ್ಡಿಯೂ ಅವಳ ಕಿವಿಯಲ್ಲೇ ಇತ್ತು. ಅವಳನ್ನು ತಪ್ಪೆನ್ನುವುದು ಹೇಗೆ?

ಚಾಚಾ ಯಾರ ಮಾತಿಗೂ ಉತ್ತರ ಕೊಡದೆ ಮರುದಿನ ಸರ್ಕಾರಿ ಪಶುವೈದ್ಯರನ್ನು ಕರೆತಂದರು. ವೈದ್ಯರು ನಾಲಿಗೆಯನ್ನು ಒಂದು ಪಕ್ಕಕ್ಕೆ ಹಿಡಿದು, ಟಾರ್ಚು ಬಿಟ್ಟು, ಒಳಗೆ ಬೆರಳಾಡಿಸಿ ನಕ್ಕುಬಿಟ್ಟರು. ಕುದುರೆಗೂ ಮನುಷ್ಯರಂತೆ ಹಾಲುಹಲ್ಲು ಬೀಳುತ್ತದೆ. ಎರಡೂವರೆ ವರ್ಷಕ್ಕೆ ಮುಂದಿನ ನಡುವಿನ ಜೋಡಿ, ಮೂರೂವರೆಗೆ ಅದರ ಪಕ್ಕದ್ದು, ನಾಲ್ಕೂವರೆಗೆ ಮೂಲೆಯದು. ಜಾತ್ರೆಯಲ್ಲಿ ಬಾಯಿ ಬಿಡಿಸಿ ವಯಸ್ಸು ಹೇಳುವುದು ಈ ಲೆಕ್ಕದಿಂದ. ಆದರೆ ಜನ ನೋಡುವುದು ಮುಂದಿನ ಹಲ್ಲು. ಅದೇ ಕಾಲಕ್ಕೆ ಒಳಗೆ ದವಡೆಯ ಹಾಲುಹಲ್ಲುಗಳೂ ಬೀಳುತ್ತವೆ. ಮುಂದಿನ ಹಲ್ಲಿಗೂ ದವಡೆಯ ಹಲ್ಲಿಗೂ ನಡುವೆ ಬರಿಯ ವಸಡಿನ ಜಾಗ. ಕಡಿವಾಣ ಕೂರುವುದು ಅಲ್ಲಿ. ಧನ್ನೋವಿನ ಎಡದವಡೆಯ ಮೊದಲ ಹಾಲುಹಲ್ಲು, ಹೊಸ ಹಲ್ಲಿನ ತಲೆಯ ಮೇಲೆ ಟೊಪ್ಪಿಗೆಯಂತೆ ಅರ್ಧ ಕಳಚಿ, ಅಂಚಿನಿಂದ ವಸಡನ್ನು ಕೊರೆಯುತ್ತಿತ್ತು. ಎಡದ ಲಗಾಮು ಎಳೆದಾಗಲೆಲ್ಲ ಕಡಿವಾಣ ಹೋಗಿ ಅದಕ್ಕೇ ಒತ್ತುತ್ತಿತ್ತು.

ವೈದ್ಯರು ಇಕ್ಕುಳದಿಂದ ಒಮ್ಮೆ ತಿರುವಿದರು, ಬಂತು. ಹುಡುಗ ಆ ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದ. ವಾರವಿಡೀ ತಾನು ಆ ಎಡದ ಲಗಾಮನ್ನು ಜಗ್ಗಿದ್ದು ಅವನಿಗೆ ನೆನಪಾಗಿರಬೇಕು. ನಮ್ಮ ಮಗಳಿಗೂ ಆ ತಿಂಗಳು ಒಂದು ದವಡೆಹಲ್ಲು ಅಲುಗಾಡುತ್ತಿತ್ತು. ಎರಡನ್ನೂ ಹೋಲಿಸಿ ನೋಡುವ ಸಂಭ್ರಮ ಓಣಿಯಲ್ಲಿ ಎರಡು ದಿನ ನಡೆಯಿತು.

ವಸಡು ಮಾಯುವ ತನಕ, ಮೂರು ವಾರ, ಕಡಿವಾಣವಿಲ್ಲ. ಅಷ್ಟರಲ್ಲಿ ಜ್ಯೇಷ್ಠದ ಲೂ ಎದ್ದಿತು. ಬೆಳಗಿನ ಎಂಟರ ಮೇಲೆ ಪ್ರಾಣಿಯನ್ನು ಹೊರಡಿಸುವಂತಿಲ್ಲ. ಒಂದು ರಾತ್ರಿ ಹೊಟ್ಟೆಶೂಲೆ ಬಂದು ಮನೆಮಂದಿಯೆಲ್ಲ ಎದ್ದಿದ್ದರು. ಕುದುರೆಗೆ ವಾಂತಿ ಮಾಡುವ ಶಕ್ತಿಯನ್ನು ದೇವರು ಕೊಟ್ಟಿಲ್ಲ, ಆದುದರಿಂದ ಅದರ ಹೊಟ್ಟೆನೋವು ಹುಡುಗಾಟದ ಮಾತಲ್ಲ. ಬೆಳಗಾಗುವಷ್ಟರಲ್ಲಿ ಲದ್ದಿ ಹಾಕಿದ. ಹಾಕಿದ ಸುದ್ದಿ ಕಿಟಕಿಯಿಂದ ನಮಗೆ ಮುಟ್ಟಿದಾಗ ಕಾಫಿ ಸೋಸುತ್ತಿದ್ದೆವು.

ಇಲ್ಲಿಯವರ ಶ್ರಾವಣ ನಮ್ಮದಕ್ಕಿಂತ ಹದಿನೈದು ದಿನ ಮುಂಚೆ. ನಮ್ಮ ಮನೆಯಲ್ಲಿ ಇನ್ನೂ ಆಷಾಢವಿರುವಾಗಲೇ ಬೀದಿಯಲ್ಲಿ ಶ್ರಾವಣ ಸೋಮವಾರ. ಎರಡನೆಯ ಸೋಮವಾರದ ಹಿಂದಿನ ಸಂಜೆ ಹುಡುಗ ಧನ್ನೋವಿಗೆ ಗೆಜ್ಜೆ ಕಟ್ಟಿ, ಕಣ್ಣುಪಟ್ಟಿ ಹಾಕಿ, ಹಿರಿಯ ಎಕ್ಕಾದವರ ಮುಂದೆ ಪರೀಕ್ಷೆಗೆ ಇಳಿಸಿದ. ಕಣ್ಣುಪಟ್ಟಿ ಹಾಕುವುದು ಹಿಂದೆ ಉರುಳುವ ಗಾಲಿ ಕಾಣದಿರಲೆಂದು. ಮೊದಲ ಎರಡು ಫರ್ಲಾಂಗು, ಸುಳ್ಳೇಕೆ, ನಮ್ಮ ಮೈ ನವಿರೆದ್ದಿತು. ಕುತ್ತಿಗೆ ಕಮಾನಿನಂತೆ, ಹೆಜ್ಜೆ ತಬಲದಂತೆ. ಹಿಂದಿನಿಂದ ಒಂದು ಮೋಟರ್‌ಸೈಕಲ್ಲು ಹಾರನ್ ಹೊಡೆದು ನುಗ್ಗಿತು. ಪಟ್ಟಿ ಇದ್ದುದರಿಂದ ಏನೆಂದು ಕಾಣಲಿಲ್ಲ, ಕೇಳಿಸಿತು ಮಾತ್ರ. ಧನ್ನೋ ನೆಗೆದು ನಾಗಾಲೋಟಕ್ಕೆ ಬಿದ್ದ. ಹುಡುಗ ಕೂಗಲಿಲ್ಲ, ಜಗ್ಗಲಿಲ್ಲ. ‘ಹೋ, ಹೋ’ ಎನ್ನುತ್ತ ದನಿಯಿಂದಲೇ ನಿಲ್ಲಿಸಿದ. ಹಿರಿಯರು ತಲೆಯಾಡಿಸಿದರು. ಈ ವರ್ಷ ಬೇಡ ಎಂದರು. ಒಬ್ಬರು ಮಾತ್ರ ಹೋಗುವಾಗ, ‘ನಿಲ್ಲಿಸಿದನಲ್ಲ, ಅದನ್ನು ನೋಡಿ’ ಎಂದರು. ಹುಡುಗನಿಗೆ ಆ ಮಾತು ಕೇಳಿಸಿರಲಾರದು, ಗೆಜ್ಜೆ ಬಿಚ್ಚುತ್ತಿದ್ದ.

ಅನಂತ ಚತುರ್ದಶಿಯಿಂದ ರಾಮಲೀಲೆ. 31 ದಿನ ನಡೆಯುವ ಇಲ್ಲಿಯ ಲೀಲೆಗೆ ಒಂದೇ ರಂಗವಿಲ್ಲ. ಅಯೋಧ್ಯೆ ಒಂದು ಕಡೆ, ಲಂಕೆ ಒಂದು ಕಡೆ, ಜನ ರಾಮನ ಹಿಂದೆಯೇ ಊರೆಲ್ಲ ನಡೆಯಬೇಕು. ಧ್ವನಿವರ್ಧಕವಿಲ್ಲ, ವಿದ್ಯುದ್ದೀಪವಿಲ್ಲ, ಪೆಟ್ರೋಮ್ಯಾಕ್ಸ್ ಬೆಳಕು. ಹುಡುಗ ಯಾರನ್ನೂ ಕೇಳದೆ ಪ್ರತಿ ಸಂಜೆ ಧನ್ನೋವನ್ನು ಬರಿಯ ಎಕ್ಕಾಕ್ಕೆ ಹೂಡಿ, ಕಣ್ಣುಪಟ್ಟಿಯಿಲ್ಲದೆ, ಜನಸಂದಣಿಯ ಅಂಚಿನಲ್ಲಿ ತಂದು ನಿಲ್ಲಿಸತೊಡಗಿದ. ಓಡಿಸಲಿಲ್ಲ. ನಿಲ್ಲಿಸಿದ, ಅಷ್ಟೆ. ಮೊದಲ ದಿನ ಕಿವಿ ಕತ್ತರಿಯಂತೆ ಆಡುತ್ತಿತ್ತು. ಮಹಾರಾಜರ ಆನೆ ಹಾದುಹೋದಾಗ ಮೈಯೆಲ್ಲ ನಡುಗಿತು, ಕಾಲು ಕದಲಲಿಲ್ಲ. ದಶಮಿಯ ರಾತ್ರಿ ರಾವಣ ಉರಿದು ಪಟಾಕಿ ಸಿಡಿದಾಗ ಒಂದು ಹಿಂಗಾಲನ್ನು ಮಡಿಸಿ ತೂಕಡಿಸುತ್ತಿದ್ದ. ನಮ್ಮ ಮಗಳು ಹೋಗಿ ಮುಟ್ಟಿ ಎಬ್ಬಿಸಿದಳು.

ಅದನ್ನು ತಾಯಿಯೂ ನೋಡಿದಳು. ಮನೆಯಲ್ಲಿ ಏನು ಮಾತಾಯಿತೋ ಕಿಟಕಿಯಿಂದ ತಿಳಿಯಲಿಲ್ಲ. ಅಪರೂಪಕ್ಕೆ ಮೆಲ್ಲಗೆ ಮಾತಾಡಿದರು. ಹುಣ್ಣಿಮೆಯ ಮಾರನೆಯ ದಿನ ಹಿರಿಯ ಮೊಮ್ಮಗ ತನ್ನ ರಿಕ್ಷಾದ ಒಂದು ಕಂತಿನ ಹಣವನ್ನು ತಂಗಿಯ ಮದುವೆಯ ಲೆಕ್ಕಕ್ಕೆ ಹಾಕಿದನಂತೆ. ಕುದುರೆಗೆ ಹೋಳಿಯವರೆಗೆ ವಾಯಿದೆ. ದಲ್ಲಾಳಿ ದೀಪಾವಳಿಯ ಮರುವಾರ ಬಂದರೆ, 1965ರ ನಿಯಮಾವಳಿಯನ್ನು ಮತ್ತೊಮ್ಮೆ ಓದಿ ಹೇಳುವ ಕೆಲಸವನ್ನು ಚಾಚಾ ನಮಗೆ ವಹಿಸಿದ್ದಾರೆ. ಆತ ಬೇಸತ್ತು ಹೋಗುವಷ್ಟು ನಿಧಾನವಾಗಿ ಓದಬೇಕೆಂದು ಅಪ್ಪಣೆ. ಹುಡುಗ ನಮ್ಮಿಂದ ಹಳೆಯ ಕ್ಯಾಲೆಂಡರು ಕೇಳಿದ. ಹೊಸತನ್ನೇ ಕೊಟ್ಟೆವು. ವೈಶಾಖದ ಮೇಲೆ ಇದ್ದಿಲಿನಿಂದ ಒಂದು ದುಂಡು ಸುತ್ತಿ ಲಾಯದ ಬಾಗಿಲಿಗೆ ತೂಗುಹಾಕಿದ್ದಾನೆ. ಆ ಹೊತ್ತಿಗೆ ಧನ್ನೋವಿಗೆ ಮೂರೂವರೆ. ಇನ್ನೊಂದು ಜೋಡಿ ಹಲ್ಲು ಬೀಳಬೇಕು.