ತಿಂಡಿಪೋತ ಹುಳುವಿಗೊಂದು ಡೈ

ಎರಿಕ್ ಕಾರ್ಲ್ 1969ರಲ್ಲಿ ಹೊರತಂದ ಹಸಿದ ಕಂಬಳಿಹುಳುವಿನ ಚಿತ್ರಪುಸ್ತಕ ನೋಡಿದ್ದೀರಾ? ಶನಿವಾರ ಆ ಹುಳು ಚಾಕೊಲೇಟ್ ಕೇಕು, ಐಸ್‌ಕ್ರೀಮು, ಲಾಲಿಪಾಪು ಅಂತ ಸಿಕ್ಕಿದ್ದೆಲ್ಲ ಮುಕ್ಕುತ್ತದೆ. ರಾತ್ರಿ ಹೊಟ್ಟೆನೋವು. ಮರುದಿನ ಒಂದು ಹಸಿರೆಲೆ ತಿಂದು ಸುಧಾರಿಸಿಕೊಳ್ಳುತ್ತದೆ. ಬೈಗುಳವಿಲ್ಲ, ಉಪದೇಶವಿಲ್ಲ! ತಿಂದ ಕಡೆ ಪುಟದಲ್ಲೇ ತೂತು; ಮಗು ಬೆರಳು ತೂರಿಸಿ ನಗುತ್ತದೆ. ಆ ತೂತನ್ನು ಅಗ್ಗದಲ್ಲಿ ಕೊರೆದುಕೊಡುವ ಪ್ರೆಸ್ಸು ಅಮೆರಿಕದಲ್ಲಿ ಸಿಗದೆ ಮೊದಲು ಅಚ್ಚಾದದ್ದು ಜಪಾನಿನಲ್ಲಿ. ನಾವು ಪ್ರೆಸ್ಸಿನವರು ಲಗ್ನಪತ್ರಿಕೆಗೆ ಬೇಕಾದಷ್ಟು ಡೈ ಹೊಡೆಯುತ್ತೇವೆ, ಒಂದೇ ದಿನ ಓದಿ ಎಸೆಯುವ ಕಾಗದಕ್ಕೆ! ಕನ್ನಡದ ಮಕ್ಕಳ ಪುಸ್ತಕ ಅಂದರೆ ಮಾತ್ರ ಯಾಕ್ರೀ ಕೈ ಬಿಗಿ? ಚಿತ್ರ ಬರೆಯಬಲ್ಲ ಹುಡುಗ ಹುಡುಗಿಯರೇ, ಪರರ ಕೇಕು ಸಾಕು. ಮೈಸೂರುಪಾಕು, ಚಿರೋಟಿ, ಕರದಂಟು ಅತಿಯಾಗಿ ತಿಂದು ನರಳುವ ನಮ್ಮದೇ ತಿಂಡಿಪೋತನನ್ನು ಬರೆದು ತನ್ನಿ. ಡೈ ಖರ್ಚು ನನ್ನದು.