ಬೀಗದಕೈ ಯಾರಿಗೆ?

ಸಂಘದ ಪುಸ್ತಕದ ಕಪಾಟಿನ ಬೀಗದಕೈ ಎರಡು ತಿಂಗಳಿಂದ ನನ್ನ ಜೇಬಿನಲ್ಲಿದೆ. ನಾಟಕಕ್ಕೆ ಬಣ್ಣ ಹಚ್ಚಿಕೊಳ್ಳಲು ಹದಿನೆಂಟು ಮಂದಿ ಬಂದರು. ಧೂಳು ಹೊಡೆಯಲು ಬನ್ನಿರೆಂದರೆ ಒಬ್ಬರಿಗೆ ಸೊಂಟನೋವು, ಇನ್ನೊಬ್ಬರಿಗೆ ಲೋಕಲ್ ರೈಲಿನ ತಾಪತ್ರಯ. ಕೆಳಹಲಗೆಗೆ ಗೆದ್ದಲು ಹಿಡಿದದ್ದು ನಮಗೆ ತಿಳಿದದ್ದೂ ತಡವಾಗಿಯೇ.

ಈ ಬೇಸರದಲ್ಲಿ ನೆನಪಾದವರು ಮಂಗಳೂರಿನ ಪಾದ್ರಿ ಹೆರ್ಮನ್ ಮ್ಯೋಗ್ಲಿಂಗ್. 1836ರಲ್ಲಿ ಬಾಸೆಲ್ ಮಿಶನ್ನಿನಿಂದ ಬಂದ ಜರ್ಮನರು. ಬಂದದ್ದು ತಮ್ಮ ಮತವನ್ನು ಬೋಧಿಸಲಿಕ್ಕೆ, ಅದನ್ನು ಮುಚ್ಚಿಡಬೇಕಾಗಿಲ್ಲ. 1843ರಲ್ಲಿ ಅವರು ಹೊರಡಿಸಿದ ‘ಮಂಗಳೂರ ಸಮಾಚಾರ’ವನ್ನು ಎಲ್ಲರೂ ಬಲ್ಲರು. ನನಗೆ ದೊಡ್ಡದೆನಿಸುವುದು ಬೇರೆ. ಓಲೆಗರಿಯನ್ನು ಹುಳು ತಿನ್ನುತ್ತದೆ. ಯಾರಾದರೂ ಕುಳಿತು ಮತ್ತೆ ಪ್ರತಿ ಮಾಡದಿದ್ದರೆ ಕಾವ್ಯವೇ ಹೋಯಿತು. ಮ್ಯೋಗ್ಲಿಂಗ್ ಅಂಥ ಪ್ರತಿಗಳನ್ನು ಕಲೆಹಾಕಿಸಿ, 1848ರಿಂದ ಒಂದು ಮಾಲೆಯಾಗಿ ಕಲ್ಲಚ್ಚಿನಲ್ಲಿ ಹೊರತಂದರು. ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ದಾಸರ ಪದಗಳು! ಖರ್ಚು ಕೊಟ್ಟವರು ಮದ್ರಾಸಿನ ಮಾಜಿ ನ್ಯಾಯಾಧೀಶ ಕಸಮೇಜರ್ ಎಂಬವರು.

ಪಾದ್ರಿಗೇಕೆ ದಾಸರ ಪದ? ಜನರ ಮನಸ್ಸನ್ನು ಅರಿತು ಬೋಧಿಸಲೆಂದೇ ಎನ್ನುವವರಿದ್ದಾರೆ. ಇರಬಹುದು. ಆದರೆ ಉಳಿದದ್ದು ಪದಗಳು ತಾನೇ? ಮುಂದೆ ಅದೇ ಮಿಶನ್ನಿನ ಕಿಟ್ಟೆಲ್ಲರು 1894ರಲ್ಲಿ ತಮ್ಮ ನಿಘಂಟನ್ನು ಅಚ್ಚು ಹಾಕಿಸಿದರು; ಹಳೆಯ ಕಾವ್ಯಗಳು ಕೈಗೆ ಸಿಗದೆ ಹಳೆಯ ಶಬ್ದಗಳಿಗೆ ಪ್ರಯೋಗ ತೋರಿಸುವುದು ಹೇಗೆ?

ಆ ಮಿಶನ್ನಿನ ಎಷ್ಟೋ ಹಳೆಯ ಮುದ್ರಣಗಳೂ ಕಾಗದಪತ್ರಗಳೂ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನಲ್ಲಿ ಇಂದಿಗೂ ಇವೆ. ಕರಾವಳಿಯ ಮಳೆಗಾಲವನ್ನು ಕಂಡವರಿಗೆ ಗೊತ್ತು, ಅಲ್ಲಿ ಒಂದು ಹಾಳೆಯನ್ನು ಒಣಗಿಸಿಡುವ ಕಷ್ಟ. ಯೇಸು ತನ್ನ ಶಿಷ್ಯರ ಕಾಲು ತೊಳೆದನೆಂಬುದನ್ನು ನಾವೆಲ್ಲ ಕೇಳಿದ್ದೇವೆ. ಕ್ರೈಸ್ತರಿಗೆ ಸೇವೆಯೆಂದರೆ ಆ ಚಿತ್ರ. ಪುಸ್ತಕ ಕಾಯುವುದೂ ಆ ಜಾತಿಯ ಕೆಲಸವೇ. ಬಗ್ಗಬೇಕು, ಕೈ ಕೊಳೆಯಾಗಬೇಕು, ಸಭೆಯಲ್ಲಿ ಹಾರವಿಲ್ಲ. ಓದುವವನು ಯಾವ ಮತದವನು ಎಂದು ಕೇಳುವಂತೆಯೂ ಇಲ್ಲ. ನನ್ನ ಹಾಗೆ ಪತ್ರಿಕೆಯಲ್ಲಿ ಗೊಣಗುವುದಂತೂ ಸಲ್ಲದು!

ಗೆದ್ದಲು ತಿಂದವುಗಳಲ್ಲಿ ಒಂದರ ಮೊದಲ ಪುಟದಲ್ಲಿ, ಊರಿನಿಂದ ತಂದು ಸಂಘಕ್ಕೆ ಕೊಟ್ಟ ಹಿರಿಯರೊಬ್ಬರ ಸಹಿಯಿತ್ತು. ಅರ್ಧ ಉಳಿದಿದೆ. ಅವರ ಮಗಳು ಇದೇ ಪತ್ರಿಕೆಯ ವಾಚಕಿ; ನಾನಿನ್ನೂ ಹೇಳಿಲ್ಲ.

ಈ ಸಂಚಿಕೆ ಕೈಸೇರಿದ ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಪಾಟು ತೆರೆಯುತ್ತೇನೆ. ಹಳೆಯ ಪಂಚೆಯ ತುಂಡೊಂದನ್ನು ತನ್ನಿ. ಕಾಫಿ ನಮ್ಮ ಮನೆಯದು.