ಪಾತ್ರಕ್ಕೆ ತಕ್ಕ ಮುಖ, ಕಥೆಗೆ ತಕ್ಕ ನೆಲ

ಚಲನಚಿತ್ರವು ಆಧುನಿಕ ಯುಗದ ಪ್ರಭಾವಶಾಲಿಯಾದ ಕಲೆ. ಒಂದು ಕಾಲದಲ್ಲಿ ಅದು ಹಣವಂತರ ಹಾಗೂ ದೊಡ್ಡ ಸ್ಟುಡಿಯೋಗಳ ಸೊತ್ತಾಗಿತ್ತು. ಇಂದು ಆ ಸ್ಥಿತಿ ಮಾರ್ಪಟ್ಟಿದೆ. ಮೊಬೈಲ್ ಫೋನಿನಲ್ಲಿಯೇ ಚಿತ್ರ ತೆಗೆದು, ಅದರಲ್ಲಿಯೇ ಜೋಡಿಸಿ, ಹತ್ತು ನಿಮಿಷದ ಕಿರುಚಿತ್ರವೊಂದನ್ನು ಶಾಲೆಯ ಮಕ್ಕಳೂ ಸಿದ್ಧಪಡಿಸಬಲ್ಲರು. ಆದರೆ ಇಂಥ ಪ್ರಯತ್ನಕ್ಕೆ ಕೈಹಾಕುವ ವಿದ್ಯಾರ್ಥಿಗಳು ಮೊದಲು ಕೇಳುವ ಪ್ರಶ್ನೆ ಕ್ಯಾಮೆರಾ ಯಾವುದು ಎಂಬುದು. ನಿಜಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಪಾತ್ರವನ್ನು ವಹಿಸುವವರು ಯಾರು? ಕಥೆ ನಡೆಯುವ ಸ್ಥಳ ಎಲ್ಲಿ? ಈ ಎರಡು ಆಯ್ಕೆಗಳು ಸರಿಯಾದರೆ ಸಾಧಾರಣ ಕ್ಯಾಮೆರಾದಿಂದಲೂ ಒಳ್ಳೆಯ ಚಿತ್ರ ಮೂಡುತ್ತದೆ. ಇವು ತಪ್ಪಿದರೆ ಎಷ್ಟು ಬೆಲೆಯ ಸಲಕರಣೆಯೂ ಅದನ್ನು ಉಳಿಸಲಾರದು.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳಬಹುದು. ಒಂದು ಹಳ್ಳಿಯ ಪ್ರೌಢಶಾಲೆಯ ಮಕ್ಕಳು ಕಿರುಚಿತ್ರಕ್ಕಾಗಿ ಕಥೆಯೊಂದನ್ನು ಹೆಣೆದಿದ್ದಾರೆ. ವಾರದ ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಗೆ ಕಣ್ಣು ಮಂಜಾಗಿದೆ. ನೋಟುಗಳ ಗುರುತು ಹತ್ತದೆ ಆಕೆ ದಿನವೂ ಮೋಸಹೋಗುತ್ತಾಳೆ. ಇದನ್ನು ಕಂಡ ಮೊಮ್ಮಗಳು ಅಜ್ಜಿಗೆ ಕನ್ನಡಕ ಕೊಡಿಸಲೆಂದು ಗುಟ್ಟಾಗಿ ಪುಡಿಗಾಸು ಕೂಡಿಡುತ್ತಾಳೆ. ಕಥೆ ಸರಳವಾಗಿದೆ, ಮನಸ್ಸನ್ನು ಮುಟ್ಟುವಂತಿದೆ. ಆದರೆ ಆಯ್ಕೆಯ ಹೊತ್ತು ಬಂದಾಗ ಮಕ್ಕಳು ಮೊಮ್ಮಗಳ ಪಾತ್ರಕ್ಕೆ ತರಗತಿಯಲ್ಲಿ ಎಲ್ಲರಿಗಿಂತ ಬೆಳ್ಳಗಿರುವ, ವಾರ್ಷಿಕೋತ್ಸವದಲ್ಲಿ ನೃತ್ಯ ಮಾಡಿದ ಹುಡುಗಿಯನ್ನು ಆರಿಸುತ್ತಾರೆ. ಅಜ್ಜಿಯ ಪಾತ್ರಕ್ಕೆ ಸಹಪಾಠಿಯೊಬ್ಬಳ ತಲೆಗೆ ಬಿಳಿಯ ಪುಡಿ ಬಳಿಯುತ್ತಾರೆ. ಸಂತೆ ಅಂದವಾಗಿಲ್ಲವೆಂದು ನಲವತ್ತು ಕಿಲೋಮೀಟರ್ ದೂರದ ಪಟ್ಟಣದ ಉದ್ಯಾನಕ್ಕೆ ಹೋಗಿ, ಹೂವಿನ ಗಿಡಗಳ ನಡುವೆ ಸೊಪ್ಪಿನ ಬುಟ್ಟಿಯನ್ನಿಡುತ್ತಾರೆ. ಫಲವೇನು? ನೋಡುಗರು ನಗುತ್ತಾರೆ, ಅಳಬೇಕಾದ ಕಡೆಯಲ್ಲಿಯೇ ನಗುತ್ತಾರೆ. ತಪ್ಪು ಕಥೆಯದಲ್ಲ, ಮಕ್ಕಳ ಶ್ರದ್ಧೆಯದೂ ಅಲ್ಲ. ಚೆಂದವಾದುದನ್ನು ಅವರು ಹುಡುಕಿದರೇ ಹೊರತು ತಕ್ಕುದನ್ನು ಹುಡುಕಲಿಲ್ಲ.

‘ತಕ್ಕುದು’ ಎಂಬ ಈ ಗುಣವನ್ನು ಭಾರತೀಯ ಕಾವ್ಯಮೀಮಾಂಸಕರು ‘ಔಚಿತ್ಯ’ ಎಂದು ಕರೆದರು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವವೆಂದು ಪ್ರತಿಪಾದಿಸಿದನು. ಸೊಂಟಕ್ಕೆ ತೊಡುವ ಡಾಬು ಎಷ್ಟೇ ಬೆಲೆಬಾಳುವುದಾದರೂ ಅದನ್ನು ಕೊರಳಿಗೆ ಹಾಕಿಕೊಂಡವರು ನಗೆಗೀಡಾಗುವರಲ್ಲವೆ? ಕಾವ್ಯಕ್ಕೆ ಹೇಳಿದ ಈ ಮಾತು ಚಲನಚಿತ್ರಕ್ಕೂ ಸಲ್ಲುತ್ತದೆ. ಸುಂದರವಾದ ಮುಖವಾಗಲಿ, ರಮಣೀಯವಾದ ತಾಣವಾಗಲಿ, ತನಗೆ ಸಲ್ಲದ ಕಥೆಯಲ್ಲಿ ಸೇರಿದಾಗ ಕೊರಳಿಗೆ ಹಾಕಿದ ಡಾಬಿನಂತೆಯೇ ಕಾಣುತ್ತದೆ.

ಔಚಿತ್ಯವನ್ನು ಅರಸುವ ಕೆಲಸಕ್ಕೆ ತಾಳ್ಮೆ ಬೇಕು. ಸತ್ಯಜಿತ್ ರೇ ಅವರ ಮೊದಲ ಚಿತ್ರ ‘ಪಥೇರ್ ಪಾಂಚಾಲಿ’ಯೇ ಇದಕ್ಕೆ ಸಾಕ್ಷಿ. ರೇ ಅವರು ಅದಕ್ಕೆ ಮೊದಲು ಒಂದು ಚಿತ್ರವನ್ನೂ ನಿರ್ದೇಶಿಸಿರಲಿಲ್ಲ. ಅವರ ಛಾಯಾಗ್ರಾಹಕ ಸುಬ್ರತ ಮಿತ್ರರು ಚಲನಚಿತ್ರದ ಕ್ಯಾಮೆರಾವನ್ನು ನಡೆಸಿರಲಿಲ್ಲ. ಆ ದೃಷ್ಟಿಯಿಂದ ಅವರೆಲ್ಲರೂ ವಿದ್ಯಾರ್ಥಿಗಳೇ ಆಗಿದ್ದರು. ಬಾಲಕ ಅಪುವಿನ ಪಾತ್ರಕ್ಕಾಗಿ ಅವರು ಪತ್ರಿಕೆಯಲ್ಲಿ ಜಾಹೀರಾತು ನೀಡಿದರು. ಅನೇಕ ಹುಡುಗರು ಬಂದರು; ಕೂದಲು ಕತ್ತರಿಸಿದ ಹುಡುಗಿಯೊಬ್ಬಳನ್ನೂ ಹುಡುಗನೆಂದು ಕರೆತಂದು ನಿಲ್ಲಿಸಿದ್ದುಂಟು. ಯಾರೂ ಒಪ್ಪಿಗೆಯಾಗಲಿಲ್ಲ. ಕೊನೆಗೆ ರೇ ಅವರ ಪತ್ನಿ ನೆರೆಮನೆಯ ಮಹಡಿಯ ಮೇಲೆ ಆಡುತ್ತಿದ್ದ ಹುಡುಗನೊಬ್ಬನನ್ನು ಕಂಡರು. ಆತನೇ ಅಪುವಾದನು. ಊರೆಲ್ಲ ಹುಡುಕಿದ ಮುಖವು ಪಕ್ಕದ ಮನೆಯಲ್ಲಿಯೇ ಇತ್ತು! ಹಿತ್ತಲ ಗಿಡ ಮದ್ದಲ್ಲ ಎಂದು ಬಗೆಯುವವರಿಗೆ ಈ ಪ್ರಸಂಗವು ಒಳ್ಳೆಯ ಪಾಠ.

ಕಥೆಯ ಹಳ್ಳಿಗಾಗಿ ರೇ ಅವರು ಕೋಲ್ಕತ್ತದ ಸಮೀಪದ ಬೋರಾಲ್ ಎಂಬ ಊರನ್ನು ಆರಿಸಿಕೊಂಡರು. ಕೈಯಲ್ಲಿ ಹಣವಿಲ್ಲದೆ ರಜಾದಿನಗಳಲ್ಲಿ ಮಾತ್ರ ಚಿತ್ರೀಕರಣ ನಡೆಸಬೇಕಾಗಿದ್ದವರಿಗೆ ಹೋಗಿಬರಲು ಹತ್ತಿರವಾದ ತಾಣವೇ ಬೇಕಾಗಿತ್ತು. 1952ರ ಅಕ್ಟೋಬರ್ ತಿಂಗಳಿನಲ್ಲಿ ಬೆಳ್ಳನೆಯ ಹೂಬಿಟ್ಟ ಜೊಂಡುಹುಲ್ಲಿನ ಬಯಲೊಂದರಲ್ಲಿ ಮೊದಲ ದಿನದ ಚಿತ್ರೀಕರಣ ನಡೆಯಿತು. ಮುಂದಿನ ವಾರ ಹೋಗಿ ನೋಡಿದರೆ ಹೂವೇ ಇರಲಿಲ್ಲ, ದನಗಳು ಮೇದುಬಿಟ್ಟಿದ್ದವು. ಉಳಿದ ಭಾಗಕ್ಕಾಗಿ ಮತ್ತೆ ಹೂ ಬಿಡುವ ಕಾಲದವರೆಗೆ ಕಾಯಬೇಕಾಯಿತು. ಸ್ಥಳವೆಂಬುದು ನಿರ್ಜೀವವಾದ ಪರದೆಯಲ್ಲ, ಅದಕ್ಕೂ ಋತುವುಂಟು, ಹೊತ್ತುಂಟು ಎಂಬುದನ್ನು ಅವರು ಹೀಗೆ ಕಲಿತರು. 1955ರಲ್ಲಿ ತೆರೆಕಂಡ ಆ ಚಿತ್ರವು ಜಗತ್ತಿನ ಶ್ರೇಷ್ಠ ಕೃತಿಗಳ ಸಾಲಿಗೆ ಸೇರಿತು.

ರೇ ಅವರಿಗೆ ಈ ಮಾರ್ಗವನ್ನು ತೋರಿದ್ದು 1950ರಲ್ಲಿ ಅವರು ಲಂಡನ್ನಿನಲ್ಲಿ ಕಂಡ ‘ಬೈಸಿಕಲ್ ಥೀವ್ಸ್’ ಎಂಬ ಇಟಲಿಯ ಚಿತ್ರ. 1948ರಲ್ಲಿ ಅದನ್ನು ನಿರ್ದೇಶಿಸಿದ ವಿಟ್ಟೋರಿಯೊ ಡಿ ಸಿಕಾ ಅವರು ರೋಮ್ ನಗರದ ನಿಜವಾದ ಬೀದಿಗಳಲ್ಲಿಯೇ ಚಿತ್ರೀಕರಿಸಿದರು. ಸೈಕಲ್ಲನ್ನು ಕಳೆದುಕೊಂಡ ಬಡ ಕೂಲಿಯ ಪಾತ್ರಕ್ಕೆ ಹಾಲಿವುಡ್ಡಿನ ಪ್ರಸಿದ್ಧ ನಟನನ್ನು ಹಾಕಿಕೊಂಡರೆ ಹಣ ಕೊಡುವುದಾಗಿ ಅಮೆರಿಕದ ನಿರ್ಮಾಪಕರೊಬ್ಬರು ಮುಂದೆ ಬಂದಿದ್ದರು. ಡಿ ಸಿಕಾ ಒಪ್ಪಲಿಲ್ಲ. ಲ್ಯಾಂಬರ್ಟೊ ಮಜ್ಜೊರಾನಿ ಎಂಬ ಕಾರ್ಖಾನೆಯ ಕಾರ್ಮಿಕರೊಬ್ಬರನ್ನು ಆ ಪಾತ್ರಕ್ಕೆ ಆರಿಸಿದರು. ಮಗನ ಪಾತ್ರದ ಎಂಜೊ ಸ್ತಾಯೊಲಾ ಎಂಬ ಬಾಲಕನೂ ಅದಕ್ಕೆ ಮೊದಲು ನಟಿಸಿದವನಲ್ಲ. ಆ ತಂದೆ ಮಗ ಬೀದಿಯಲ್ಲಿ ಜೊತೆಯಾಗಿ ನಡೆಯುವ ರೀತಿಯೊಂದೇ ಅವರ ಬಡತನವನ್ನೂ ಪ್ರೀತಿಯನ್ನೂ ಹೇಳುತ್ತದೆ.

ಕನ್ನಡ ಚಿತ್ರರಂಗವೂ ಈ ವಿವೇಕವನ್ನು ತೋರಿದೆ. ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ತಯಾರಿಸಿದ ‘ಸಂಸ್ಕಾರ’ ಚಿತ್ರಕ್ಕಾಗಿ ಶೃಂಗೇರಿಯ ಬಳಿಯ ವೈಕುಂಠಪುರ ಎಂಬ ಅಗ್ರಹಾರವೇ ರಂಗಭೂಮಿಯಾಯಿತು. ಶಂಕರನಾಗ್ ಅವರು ಆರ್. ಕೆ. ನಾರಾಯಣರ ಕಥೆಗಳನ್ನು ‘ಮಾಲ್ಗುಡಿ ಡೇಸ್’ ಎಂಬ ದೂರದರ್ಶನ ಮಾಲಿಕೆಯಾಗಿ ರೂಪಿಸುವಾಗ, ಭೂಪಟದಲ್ಲಿಲ್ಲದ ಆ ಊರನ್ನು ಮಲೆನಾಡಿನ ಆಗುಂಬೆಯಲ್ಲಿ ಕಂಡುಕೊಂಡರು. ಅರಸಾಳಿನ ಪುಟ್ಟ ರೈಲುನಿಲ್ದಾಣವು ಮಾಲ್ಗುಡಿಯ ನಿಲ್ದಾಣವಾಯಿತು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಹಾಗೂ ಸುತ್ತಣ ಹಳ್ಳಿಗಳ ಜನರೇ ಪಾತ್ರಧಾರಿಗಳು. ಅವರ ನುಡಿ, ನಡಿಗೆ, ಮೌನ ಯಾವುದೂ ಕಲಿತು ಬಂದುದಲ್ಲ. ಮಂಡ್ಯದ ಮಾತನ್ನು ಬೇರೆಡೆಯವರಿಂದ ಆಡಿಸಿದ್ದರೆ ಆ ಚಿತ್ರದ ಅರ್ಧ ಸತ್ತ್ವವೇ ಇಂಗಿಹೋಗುತ್ತಿತ್ತು.

ಹಾಗೆಂದ ಮಾತ್ರಕ್ಕೆ ನಟನೆಯನ್ನು ಅರಿತವರು ಬೇಡವೆಂದು ತೀರ್ಮಾನಿಸಬಾರದು. ‘ಪಥೇರ್ ಪಾಂಚಾಲಿ’ಯಲ್ಲಿ ಮುದುಕಿಯ ಪಾತ್ರವನ್ನು ಅವಿಸ್ಮರಣೀಯವಾಗಿಸಿದ ಚುನಿಬಾಲಾ ದೇವಿ ಹಿಂದೆ ರಂಗಭೂಮಿಯ ನಟಿಯಾಗಿದ್ದವರು. ‘ಸಂಸ್ಕಾರ’ದ ಪ್ರಾಣೇಶಾಚಾರ್ಯರ ಪಾತ್ರ ವಹಿಸಿದ ಗಿರೀಶ ಕಾರ್ನಾಡರು ನಾಟಕವನ್ನು ಬಲ್ಲವರು. ಆದ್ದರಿಂದ ನಟನೋ ನಟನಲ್ಲದವನೋ ಎಂಬುದು ಮುಖ್ಯವಲ್ಲ. ಆ ಪಾತ್ರದ ಬದುಕು ಆ ವ್ಯಕ್ತಿಯ ಮೈಯಲ್ಲಿ ಮೂಡಬಲ್ಲುದೇ ಎಂಬುದು ಮುಖ್ಯ. ಅದನ್ನು ಪರೀಕ್ಷಿಸಲು ಉದ್ದುದ್ದ ಸಂಭಾಷಣೆಯನ್ನು ಒಪ್ಪಿಸಲು ಹೇಳುವುದಕ್ಕಿಂತ ಒಂದು ಕೆಲಸವನ್ನು ಕೊಟ್ಟು ನೋಡುವುದು ಲೇಸು. ಸೊಪ್ಪಿನ ಕಂತೆಯನ್ನು ಕಟ್ಟುವಾಗ, ಕೊಡವನ್ನು ಸೊಂಟಕ್ಕೆ ಏರಿಸುವಾಗ, ಚಿಲ್ಲರೆಯನ್ನು ಎಣಿಸುವಾಗ ಮನುಷ್ಯನು ತನ್ನನ್ನು ತಾನು ಮರೆಯುತ್ತಾನೆ. ಹಾಗೆ ಮರೆತ ಮುಖವೇ ಕ್ಯಾಮೆರಾಕ್ಕೆ ಬೇಕಾದ ಮುಖ.

ಆಯ್ಕೆಯಲ್ಲಿ ಕಲೆಯ ಪ್ರಶ್ನೆಯಷ್ಟೇ ಅಲ್ಲ, ನ್ಯಾಯದ ಪ್ರಶ್ನೆಯೂ ಅಡಗಿದೆ. ಶಾಲೆಯ ನಾಟಕಗಳಲ್ಲಿ ರಾಜಕುಮಾರಿಯ ಪಾತ್ರ ಬೆಳ್ಳಗಿರುವವಳಿಗೆ, ರಾಕ್ಷಸಿಯ ಪಾತ್ರ ಕಪ್ಪಗಿರುವವಳಿಗೆ ಎಂಬ ರೂಢಿ ಇನ್ನೂ ಅಳಿದಿಲ್ಲ. ಕಳ್ಳನ ಪಾತ್ರ ಎಂದೊಡನೆ ಕೆಲವರ ಕಣ್ಣು ಹರಕು ಅಂಗಿ ತೊಟ್ಟ ಹುಡುಗನತ್ತ ಹೊರಳುತ್ತದೆ. ನಗಿಸುವ ಪಾತ್ರ ಎಂದೊಡನೆ ದಪ್ಪಗಿರುವವನತ್ತ ಬೆರಳು ಚಾಚುತ್ತದೆ. ಆರಿಸಿದವರು ಅದನ್ನು ಮರುದಿನವೇ ಮರೆಯಬಹುದು. ಆದರೆ ಆ ಮಕ್ಕಳು ಮರೆಯುವುದಿಲ್ಲ. ತಮ್ಮನ್ನು ಜೊತೆಗಾರರು ಹೇಗೆ ಕಾಣುತ್ತಾರೆಂಬುದನ್ನು ಅವರು ಆ ಗಳಿಗೆಯಲ್ಲಿ ಅರಿತುಬಿಡುತ್ತಾರೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. ಮಹಾಭಾರತದ ನಾಯಕಿಯಾದ ದ್ರೌಪದಿಗೆ ಕೃಷ್ಣೆ ಎಂಬ ಹೆಸರು ಬಂದುದು ಅವಳ ಕಪ್ಪು ಮೈಬಣ್ಣದಿಂದ. ಇಂಥ ಕಥೆಗಳನ್ನು ಕೇಳಿ ಬೆಳೆದ ನಾಡಿನಲ್ಲಿ ಬಣ್ಣವನ್ನು ನೋಡಿ ಗುಣವನ್ನು ಅಳೆಯುವುದು ಅನ್ಯಾಯ ಮಾತ್ರವಲ್ಲ, ಅವಿವೇಕವೂ ಹೌದು. ಪಾತ್ರವೇ ಹಾಗೆ ಬೇಡುತ್ತದೆ ಎಂದು ವಾದಿಸುವವರು ಉಂಟು. ಆದರೆ ಬೇಡುವುದು ಪಾತ್ರವೋ ಅಥವಾ ನೋಡಿ ನೋಡಿ ರೂಢಿಯಾದ ಕಣ್ಣೋ ಎಂದು ಒಮ್ಮೆ ಪ್ರಶ್ನಿಸಿಕೊಳ್ಳಬೇಕು.

ಆಯ್ಕೆಯೊಡನೆ ಋಣವೂ ಹುಟ್ಟುತ್ತದೆ. ‘ಬೈಸಿಕಲ್ ಥೀವ್ಸ್’ ಜಗತ್ಪ್ರಸಿದ್ಧವಾಯಿತು. ಆದರೆ ಚಿತ್ರ ಮುಗಿದ ಮೇಲೆ ಕಾರ್ಖಾನೆಗೆ ಮರಳಿದ ಮಜ್ಜೊರಾನಿಯವರು ಅಲ್ಲಿಯ ಕೆಲಸವನ್ನು ಕಳೆದುಕೊಂಡರು. ಆಮೇಲೆ ಅವರಿಗೆ ಚಿತ್ರಗಳಲ್ಲಿ ದೊರೆತುದು ಹೆಚ್ಚಾಗಿ ಸಣ್ಣಪುಟ್ಟ ಪಾತ್ರಗಳು. ಕೆಲಸವಿಲ್ಲದವನ ಪಾತ್ರ ವಹಿಸಿದವರಿಗೆ ಆ ಪಾಡೇ ಬಂದುದು ವಿಧಿಯ ವ್ಯಂಗ್ಯ. ವಿದ್ಯಾರ್ಥಿಗಳ ಕಿರುಚಿತ್ರದಿಂದ ಅಷ್ಟು ದೊಡ್ಡ ಹಾನಿ ಒದಗಲಾರದು. ಆದರೂ ಕ್ಯಾಮೆರಾದ ಮುಂದೆ ನಿಂತವರು ಚಿತ್ರ ಮುಗಿದ ಬಳಿಕ ತಮ್ಮ ಬದುಕಿಗೆ ಹಿಂದಿರುಗಬೇಕಾದವರು ಎಂಬುದನ್ನು ಮರೆಯಬಾರದು. ಅವರ ಒಪ್ಪಿಗೆ ಬೇಕು. ಮಕ್ಕಳಾದರೆ ತಂದೆತಾಯಿಗಳ ಒಪ್ಪಿಗೆಯೂ ಬೇಕು. ಚಿತ್ರವನ್ನು ಎಲ್ಲೆಲ್ಲಿ ತೋರಿಸಲಾಗುವುದೆಂದು ಮೊದಲೇ ತಿಳಿಸಬೇಕು.

ಸ್ಥಳಕ್ಕೂ ಒಡೆಯರುಂಟು. ಬಡವನ ಗುಡಿಸಲು ಬಾಗಿಲಿಲ್ಲದ್ದಾದರೂ ಕೇಳದೆ ಒಳಹೊಗುವುದು ಸಲ್ಲದು. ರೈಲುನಿಲ್ದಾಣಗಳಲ್ಲಿಯೂ ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಪ್ರಾಚೀನ ಸ್ಮಾರಕಗಳಲ್ಲಿಯೂ ಚಿತ್ರೀಕರಿಸಲು ಆಯಾ ಇಲಾಖೆಯ ಅನುಮತಿ ಪಡೆಯಬೇಕು. ಸ್ಥಳವನ್ನು ಆರಿಸುವಾಗ ಕಣ್ಣಿನಷ್ಟೇ ಕಿವಿಯನ್ನೂ ಬಳಸಬೇಕು. ಹಿಟ್ಟಿನ ಗಿರಣಿಯ ಪಕ್ಕದ ಮನೆ ನೋಡಲು ಎಷ್ಟು ಸೊಗಸಾಗಿದ್ದರೂ ಅಲ್ಲಿ ಆಡಿದ ಮಾತು ಕೇಳದು. ಮೂಡಣ ಜಗಲಿಗೆ ಬೆಳಗಿನ ಬಿಸಿಲು ಬೀಳುತ್ತದೆ, ಪಡುವಣ ಜಗಲಿಗೆ ಸಂಜೆಯದು. ಒಂದು ಸ್ಥಳಕ್ಕೆ ಬೇರೆ ಬೇರೆ ಹೊತ್ತಿನಲ್ಲಿ ಮೂರು ಬಾರಿಯಾದರೂ ಹೋಗಿ ಸುಮ್ಮನೆ ಕುಳಿತು ಬಂದವರಿಗೆ ಮಾತ್ರ ಆ ಸ್ಥಳದ ಸ್ವಭಾವ ತಿಳಿಯುತ್ತದೆ.

ಮೇಲೆ ಕಲ್ಪಿಸಿದ ಮಕ್ಕಳು ಈ ಮಾತುಗಳನ್ನು ಮನಸ್ಸಿನಲ್ಲಿಟ್ಟು ಮತ್ತೊಮ್ಮೆ ಆಯ್ಕೆಗೆ ತೊಡಗಿದರೆಂದು ಭಾವಿಸಬಹುದು. ಈಗ ಅವರಿಗೆ ಕಡೆಯ ಬೆಂಚಿನಲ್ಲಿ ಕುಳಿತುಕೊಳ್ಳುವ, ಹೆಚ್ಚು ಮಾತನಾಡದ ಹುಡುಗಿಯೊಬ್ಬಳು ಕಾಣುತ್ತಾಳೆ. ತಾಯಿಯೊಡನೆ ಸಂತೆಗೆ ಹೋಗಿ ಕುಳಿತು ಅವಳಿಗೆ ಅಭ್ಯಾಸವುಂಟು. ಕಂತೆ ಕಟ್ಟುವ ಬೆರಳುಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಅವರು ಮೊದಲು ಅವಳನ್ನು ಕೇಳುತ್ತಾರೆ. ಅವಳು ಯೋಚಿಸಿ, ಮರುದಿನ ಒಪ್ಪುತ್ತಾಳೆ. ಅಜ್ಜಿಯ ಪಾತ್ರಕ್ಕೆ ಶಾಲೆಯಲ್ಲಿ ಬಿಸಿಯೂಟವನ್ನು ಬಡಿಸುವ ಹಿರಿಯ ಹೆಂಗಸು ಒದಗುತ್ತಾರೆ. ದಿನವೂ ತಟ್ಟೆ ಹಿಡಿದು ಅವರ ಮುಂದೆ ನಿಲ್ಲುತ್ತಿದ್ದ ಮಕ್ಕಳು ಅವರ ಮುಖವನ್ನು ಸರಿಯಾಗಿ ನೋಡಿದ್ದು ಅಂದೇ ಮೊದಲು! ಸಂತೆಯ ಗದ್ದಲದಲ್ಲಿ ಮಾತು ಕೇಳದೆಂದು ತಿಳಿದು, ಮಾತಿಲ್ಲದ ದೃಶ್ಯಗಳನ್ನು ಸಂತೆಯಲ್ಲಿಯೂ ಮಾತಿನ ದೃಶ್ಯಗಳನ್ನು ಮನೆಯ ಜಗಲಿಯಲ್ಲಿಯೂ ತೆಗೆಯುತ್ತಾರೆ. ಖರ್ಚೂ ಇಲ್ಲ, ಪ್ರಯಾಣವೂ ಇಲ್ಲ. ಚಿತ್ರದ ಮೊದಲ ಪ್ರದರ್ಶನವನ್ನು ಆ ಸಂತೆಯ ಜನರ ಮುಂದೆಯೇ ಏರ್ಪಡಿಸುತ್ತಾರೆ.

ಆ ಚಿತ್ರಕ್ಕೆ ಪ್ರಶಸ್ತಿ ಬರಬಹುದು, ಬಾರದೆಯೂ ಇರಬಹುದು. ಆದರೆ ನಲವತ್ತು ಕಿಲೋಮೀಟರ್ ದೂರದಲ್ಲಿ ಹುಡುಕಿದುದು ನಾಲ್ಕು ಹೆಜ್ಜೆಯಲ್ಲಿಯೇ ಇತ್ತೆಂಬುದನ್ನು ಆ ಮಕ್ಕಳು ಕಂಡುಕೊಂಡಿರುತ್ತಾರೆ. ತಮ್ಮ ಊರನ್ನು, ತಮ್ಮ ಜನರನ್ನು, ತಮ್ಮ ಪಕ್ಕದಲ್ಲಿಯೇ ಕುಳಿತವರನ್ನು ಹೊಸದಾಗಿ ನೋಡಲು ಕಲಿತಿರುತ್ತಾರೆ. ವಿದ್ಯಾರ್ಥಿಗಳು ಚಿತ್ರ ತಯಾರಿಸುವುದರಿಂದ ದೊರೆಯಬೇಕಾದ ಶಿಕ್ಷಣವೂ ಇದೇ ಆಗಿದೆ.